ಅಳಿವೆಯ ನಡುವಿನ ಉಸುಕಿನ ದಿಬ್ಬ

ಉಸುಕು ನಮ್ಮವರಿಗೆ ಅಪರಿಚಿತವಾದ ವಸ್ತುವಲ್ಲ. ಸೋನ್ಯಾಳ, ಮಾಡಗ್ಯಾಳ, ಉಮದಿ, ಗುಡ್ಡಾಪುರ ಮುಂತಾದ ಜತ್ತ ತಾಲೂಕಿನ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ವರ್ಷದ ಬಹುಪಾಲು ದಿನ ಹಳ್ಳವೆಂದರೆ ನೀರಲ್ಲ, ಉಸುಕೇ. ಮೃಗಶಿರದಲ್ಲಿಯೋ ಹಸ್ತದಲ್ಲಿಯೋ ಒಂದೆರಡು ಸಲ ಕೆಂಪು ನೀರು ಹರಿದು ಹೋದರೆ ಹೋಯಿತು. ಮಿಕ್ಕ ದಿನಗಳಲ್ಲಿ ಅದು ದನಗಳ ದಾರಿ, ಮಕ್ಕಳ ಆಟದ ಬಯಲು. ಆದರೂ ಬೇಸಿಗೆಯ ಬಿರುಬಿಸಿಲಿನಲ್ಲಿ ಅದೇ ಉಸುಕನ್ನು ಕೈಯಿಂದ ತೋಡಿ, ವರತಿ ಮಾಡಿ, ಬಟ್ಟಲಿನಿಂದ ನೀರು ಮೊಗೆದು ಕೊಡ ತುಂಬಿದ ತಾಯಂದಿರನ್ನು ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೇವೆ. ನೀರಿಲ್ಲದ ನಾಡಿನಲ್ಲಿ ಉಸುಕು ನೀರಿನ ಕಣಜವಾಗಿತ್ತು.

ಇದೇ ಉಸುಕು ನೀರಿನ ನಟ್ಟನಡುವೆ, ಸಮುದ್ರದ ಬಾಯಲ್ಲಿ, ದಿನಕ್ಕೆ ಎರಡು ಸಲ ಮುಳುಗಿ ಎರಡು ಸಲ ಏಳುತ್ತ ಬದುಕುವ ಬಗೆಯನ್ನು ನಮ್ಮ ಭಾಗದವರು ಕಾಣುವುದು ಅಪರೂಪ. ಕಡಲನ್ನು ನೋಡಲು ಹೋದವರು ದಂಡೆಯಲ್ಲಿ ನಿಂತು, ಕಾಲು ತೋಯಿಸಿಕೊಂಡು, ಸೂರ್ಯಾಸ್ತವನ್ನು ನೋಡಿ ಹಿಂದಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಳೆಯೊಂದು ಕಡಲನ್ನು ಸೇರುವ ಜಾಗದಲ್ಲಿ ಚಿಕ್ಕ ದೋಣಿಯನ್ನೇರಿ, ನೀರು ಇಳಿದಾಗ ಮಾತ್ರ ತಲೆಯೆತ್ತುವ ಉಸುಕಿನ ದಿಬ್ಬದ ಮೇಲೆ ಒಂದು ತಾಸು ನಿಂತು ಬಂದವರಿಗೆ ಕಡಲು ಬೇರೆಯಾಗಿಯೇ ಕಾಣುತ್ತದೆ. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಅಂಥದೊಂದು ಅವಕಾಶ ನಮಗೆ ದೊರೆಯಿತು. ಆ ನೆಲದ ಪರಿಚಯವನ್ನು ವಾಚಕರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ನೆಲಕ್ಕೊಂದು ಹೆಸರು

ಒಂದೇ ಭಾಷೆಯನ್ನಾಡುವವರಾದರೂ ನೆಲ ಬದಲಾದಂತೆ ಶಬ್ದಗಳೂ ಬದಲಾಗುತ್ತವೆ. ನಾವು ಉಸುಕು ಎನ್ನುವುದಕ್ಕೆ ಕರಾವಳಿಯ ಕನ್ನಡಿಗರು ಹೊಯಿಗೆ ಎನ್ನುತ್ತಾರೆ. ನದಿಯು ಸಮುದ್ರವನ್ನು ಕೂಡುವ ಬಾಯಿಗೆ ಅವರಲ್ಲಿ ಅಳಿವೆ ಎಂದು ಹೆಸರು. ಹೊಳೆಯ ನಡುವಿನ ನಡುಗಡ್ಡೆ ಕುದ್ರು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇದ್ದು, ಎರಡರ ಮಧ್ಯೆ ನಾಲಗೆಯಂತೆ ಚಾಚಿಕೊಂಡ ಮರಳುನೆಲ ಬೆಂಗ್ರೆ. ಕೋಡಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕೆರೆಯ ಕೋಡಿ. ಅಲ್ಲಿಯವರಿಗೆ ಅದು ನೆಲದ ತುದಿ. ಹೀಗೆ ಕೋಡಿಬೆಂಗ್ರೆ ಎಂಬ ಹೆಸರಿನಲ್ಲಿಯೇ ಆ ಊರಿನ ಭೂಗೋಳವೆಲ್ಲ ಅಡಗಿದೆ. ಮಂಗಳೂರಿನ ಹಳೆಯ ಬಂದರಿನ ಎದುರಿಗೆ, ಗುರುಪುರ ಹೊಳೆಗೂ ಕಡಲಿಗೂ ನಡುವೆ ಇರುವ ಊರಿಗೂ ಬೆಂಗ್ರೆಯೆಂದೇ ಹೆಸರು. 300 ಕಿ.ಮೀ.ಗೂ ಮಿಕ್ಕ ಕರ್ನಾಟಕದ ಕರಾವಳಿಯುದ್ದಕ್ಕೂ, ಘಟ್ಟದಿಂದ ಇಳಿದ ಹೊಳೆಗಳು ಕಡಲಿನ ಮುಂದೆ ಬಂದು ಬಳುಕಿ ನಿಂತಲ್ಲೆಲ್ಲ ಇಂಥ ನೆಲಗಳುಂಟು.

ಕೋಡಿಬೆಂಗ್ರೆಯ ಅಳಿವೆಯಲ್ಲಿ ಕೂಡುವ ಹೊಳೆಗಳು ಎರಡು: ಸೀತಾ ಮತ್ತು ಸುವರ್ಣಾ. ಸೀತಾನದಿ ಆಗುಂಬೆಯ ಕಡೆಯ ಘಟ್ಟದಿಂದ ಇಳಿದು ಹೆಬ್ರಿ, ಬಾರಕೂರುಗಳ ಮೇಲೆ ಹಾಯ್ದು ಬರುತ್ತದೆ. ಸುವರ್ಣೆ ಕಾರ್ಕಳದ ಕಡೆಯ ಘಟ್ಟದ ಬುಡದಿಂದ ಹೊರಟು ಹಿರಿಯಡಕ, ಕಲ್ಯಾಣಪುರಗಳನ್ನು ದಾಟಿ ಬರುತ್ತದೆ. ಎರಡೂ ಉದ್ದದಲ್ಲಿ ದೊಡ್ಡ ನದಿಗಳಲ್ಲ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು, ಉಡುಪಿಯಲ್ಲಿ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ನಮ್ಮ ತಾಲೂಕಿನಲ್ಲಿ ಬೀಳುವುದು ಐದುನೂರು-ಆರುನೂರರ ಆಸುಪಾಸು. ಅದೂ ಎಲ್ಲ ವರ್ಷ ಅಲ್ಲ. ಅಷ್ಟು ಮಳೆಯನ್ನು ಹೊತ್ತ ಹೊಳೆಗಳು ಬರಿಗೈಯಲ್ಲಿ ಬರುತ್ತವೆಯೇ? ಘಟ್ಟದ ಕಲ್ಲನ್ನು ಸವೆಸಿ, ಒಡೆದು, ಉರುಳಿಸಿ, ಜರಡಿ ಹಿಡಿದು, ಬಿಳುಪಾದ ಹೊಯಿಗೆಯನ್ನು ಕಡಲಿನ ಬಾಗಿಲಿಗೆ ತಂದು ಸುರಿಯುತ್ತವೆ. ನಮ್ಮದು ಕರಿಯ ಕಲ್ಲಿನ ಸೀಮೆ. ಹಳ್ಳದ ಉಸುಕಿನಲ್ಲಿಯೂ ಕಪ್ಪು ಬೆರೆತಿರುತ್ತದೆ. ಅಲ್ಲಿಯ ಹೊಯಿಗೆಯನ್ನು ಬೊಗಸೆಯಲ್ಲಿ ಹಿಡಿದರೆ ಸಕ್ಕರೆಯನ್ನು ಹಿಡಿದಂತೆ ಕಾಣುತ್ತದೆ.

ಕೋಡಿಬೆಂಗ್ರೆಯ ದಾರಿ

ನಮ್ಮ ಕಡೆಯಿಂದ ಹೋಗುವವರು ವಿಜಯಪುರದ ಮೇಲಿಂದ ಬಸ್ಸಿನಲ್ಲಿ ಉಡುಪಿಯನ್ನು ಸೇರಬಹುದು. ಇಲ್ಲವೆ ಮಿರಜದಿಂದ ಲೋಂಡಾ ಮಾರ್ಗವಾಗಿ ಮಡಗಾಂವಿಗೆ ಹೋಗಿ, ಅಲ್ಲಿಂದ ಕೊಂಕಣ ರೇಲ್ವೆಯನ್ನು ಹಿಡಿಯಬಹುದು. 1998ರಲ್ಲಿ ಈ ರೇಲ್ವೆಮಾರ್ಗ ಪೂರ್ಣವಾಗಿ ತೆರೆದಂದಿನಿಂದ ಉಡುಪಿ ನಮಗೆ ಅಷ್ಟು ದೂರವೆನಿಸುವುದಿಲ್ಲ. ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಗಳ ಮೇಲೆ ಹಾಯುವ ರಸ್ತೆ ಕೋಡಿಬೆಂಗ್ರೆಯಲ್ಲಿ ಮುಗಿಯುತ್ತದೆ. ಹೂಡೆಯನ್ನು ದಾಟಿದ ಮೇಲೆ ನೆಲ ಕಿರಿದಾಗುತ್ತ ಹೋಗುತ್ತದೆ. ಎಡಗಡೆಯ ಕಿಟಕಿಯಲ್ಲಿ ಅಬ್ಬರಿಸುವ ಅರಬ್ಬೀ ಸಮುದ್ರ, ಬಲಗಡೆಯ ಕಿಟಕಿಯಲ್ಲಿ ಕನ್ನಡಿಯಂತೆ ನಿಂತ ಹೊಳೆ. ನಡುವೆ ರಸ್ತೆ, ಒಂದೆರಡು ಸಾಲು ಮನೆ, ತೆಂಗಿನ ಮರಗಳು. ಇಷ್ಟೇ ಆ ಊರು. ಕೊನೆಗೆ ರಸ್ತೆಯೂ ಮುಗಿದು, ಮೂರು ದಿಕ್ಕಿಗೂ ನೀರು ಕಾಣುತ್ತದೆ. ಎದುರು ದಡದಲ್ಲಿ ಹಂಗಾರಕಟ್ಟೆ.

ಹಂಗಾರಕಟ್ಟೆ ಇಂದು ಸಣ್ಣ ಊರು. ಹಿಂದೆ ಅದು ಬಾರಕೂರಿನ ಬಂದರು. ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಮುಖ್ಯಸ್ಥಳವಾಗಿತ್ತು. ಅಕ್ಕಿಯನ್ನೂ ಮುಂದಿನ ಕಾಲದಲ್ಲಿ ಹೆಂಚನ್ನೂ ತುಂಬಿಕೊಂಡ ಹಾಯಿಯ ಮಂಜಿಗಳು ಈ ಅಳಿವೆಯನ್ನು ದಾಟಿಯೇ ಕಡಲಿಗೆ ಇಳಿಯಬೇಕಾಗಿತ್ತು. ಅಳಿವೆಯ ಉಸುಕಿನ ದಿಬ್ಬ ಅಂದಿಗೂ ವ್ಯಾಪಾರಿಗೆ ತಲೆನೋವೇ. ಮಂಗಳೂರಿನ ಹಳೆಯ ಬಂದರಿನಲ್ಲಿಯೂ ದೊಡ್ಡ ಹಡಗುಗಳು ಇದೇ ಕಾರಣಕ್ಕೆ ದೂರದ ಕಡಲಿನಲ್ಲಿ ಲಂಗರು ಹಾಕಿ, ದೋಣಿಗಳಲ್ಲಿ ಸಾಮಾನು ಇಳಿಸಬೇಕಾಗುತ್ತಿತ್ತು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳಿಗೆ ಆ ಕಷ್ಟ ತಪ್ಪಿತು. ಮೀನುಗಾರರ ಸಣ್ಣ ದೋಣಿಗಳಿಗೆ ಮಾತ್ರ ಇಂದಿಗೂ ತಪ್ಪಿಲ್ಲ.

ಕೋಡಿಬೆಂಗ್ರೆಯ ಇನ್ನೊಂದು ಸಂಗತಿ ನಮ್ಮಂಥ ಗಡಿಯ ಜನರಿಗೆ ಬೇಗ ಅರ್ಥವಾಗುವಂಥದು. ನೆಲದ ದಾರಿಯಲ್ಲಿ ಈ ಊರು ದಕ್ಷಿಣದ ಹೂಡೆಗೆ ಅಂಟಿಕೊಂಡಿದೆ. ಆದರೆ ಆಡಳಿತದಲ್ಲಿ ಹೊಳೆಯ ಆಚೆಯ ಕೋಡಿ ಗ್ರಾಮ ಪಂಚಾಯತಿಗೆ ಸೇರಿದೆ. ಪಂಚಾಯತಿಯ ಕೆಲಸವೆಂದರೆ ಅಳಿವೆಯನ್ನು ದಾಟಬೇಕು, ಇಲ್ಲವೆ ರಸ್ತೆಯಲ್ಲಿ ದೊಡ್ಡ ಸುತ್ತು ಹೊಡೆಯಬೇಕು. ಹೀಗಾಗಿ ಅಲ್ಲಿಯ ಜನರಿಗೆ ಕಡವಿನ ದೋಣಿ ವಿಹಾರದ ವಸ್ತುವಲ್ಲ. ನಮಗೆ ಜತ್ತಕ್ಕೆ ಹೋಗುವ ಬಸ್ಸು ಹೇಗೋ ಹಾಗೆ. ಮನೆ ಒಂದು ದಡದಲ್ಲಿ, ಕಾಗದಪತ್ರ ಇನ್ನೊಂದು ದಡದಲ್ಲಿ ಇರುವ ಬದುಕು ಹೇಗಿರುತ್ತದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೋಣಿಯ ಮೇಲೆ

ನಾವು ಹೋದದ್ದು ಮಾಘ ಶುದ್ಧ ಚತುರ್ದಶಿಯ ದಿನ, ಹುಣ್ಣಿಮೆಗೆ ಒಂದು ದಿನ ಮುಂಚೆ. ದಿನವನ್ನು ಆರಿಸಿಕೊಟ್ಟವರು ಅಲ್ಲಿಯ ಪರಿಚಯಸ್ಥರು. ಇಲ್ಲಿ ಭರತ-ಇಳಿತದ ಲೆಕ್ಕವನ್ನು ಸ್ವಲ್ಪ ಹೇಳುವುದು ಅವಶ್ಯ. ಮರಾಠಿಯಲ್ಲಿ ಭರತಿ-ಓಹೋಟಿಯೆಂದು ನಾವು ಕೇಳಿರುವುದು ಇದನ್ನೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮತ್ತೊಂದು ಭರತಕ್ಕೆ ಸುಮಾರು 12 ತಾಸು 25 ಮಿನಿಟು. ಆದ್ದರಿಂದ ಇಂದಿನ ಭರತ ನಾಳೆ ಸುಮಾರು 50 ಮಿನಿಟು ತಡವಾಗಿ ಬರುತ್ತದೆ. ಚಂದ್ರನು ದಿನಕ್ಕೆ ಅಷ್ಟೇ ತಡವಾಗಿ ಮೂಡುವುದೇ ಇದಕ್ಕೆ ಕಾರಣ. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಏರಿಕೆಯೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಗುಜರಾತಿನ ಖಂಭಾತದ ಕೊಲ್ಲಿಯಲ್ಲಿ ಈ ವ್ಯತ್ಯಾಸ 10 ಮೀಟರಿನಷ್ಟಾಗುವುದುಂಟು. ಉಡುಪಿ-ಮಂಗಳೂರಿನ ಕಡೆಗೆ ಒಂದೂವರೆ ಮೀಟರಿನ ಆಸುಪಾಸು. ಆಳೆತ್ತರಕ್ಕೂ ಕಡಿಮೆಯಾದ ಈ ಏರಿಳಿತವೇ ಅಳಿವೆಯ ದಿಬ್ಬಕ್ಕೆ ಜನ್ಮವನ್ನೂ ಮರಣವನ್ನೂ ಕೊಡುತ್ತದೆ. ಆ ಕಡೆಯಲ್ಲಿ ಹುಣ್ಣಿಮೆಯ ದಿನ ನೀರು ತುಂಬುವುದು ಸುಮಾರು ನಡುಹಗಲಿನ ಹೊತ್ತಿಗೆ. ಪೂರ್ತಿ ಇಳಿಯುವುದು ಸಂಜೆಯ ಹೊತ್ತಿಗೆ. ಪಂಚಾಂಗ ಬಲ್ಲವರಿಗೆ ಕಡಲಿನ ಗಡಿಯಾರ ತಿಳಿಯುವುದು ಕಷ್ಟವಲ್ಲ.

ಮಧ್ಯಾಹ್ನ ಮೂರೂವರೆಗೆ ಹೊಳೆಯ ಬದಿಯಿಂದ ಪಾತಿ ದೋಣಿಯನ್ನೇರಿದೆವು. ಅಂಬಿಗರು ಅರವತ್ತನ್ನು ದಾಟಿದ ಹಿರಿಯರು. ಯಂತ್ರವಿದ್ದ ದೋಣಿಗಳು ದಡದಲ್ಲಿದ್ದವು. ಆದರೆ ದಿಬ್ಬದ ಬಳಿ ನೀರು ಮೊಣಕಾಲಿನಷ್ಟೂ ಇರುವುದಿಲ್ಲವಾದ್ದರಿಂದ ಹುಟ್ಟು ಮತ್ತು ಗಳವೇ ಸಾಕೆಂದು ಅವರ ಅಭಿಪ್ರಾಯ. ಹೊಳೆ ಹಸಿರಾಗಿ, ನಿಧಾನವಾಗಿ, ಕಡಲಿನ ಕಡೆಗೆ ಎಳೆಯುತ್ತಿತ್ತು. ಒಂದು ಗೆರೆಯನ್ನು ದಾಟಿದೊಡನೆ ನೀರಿನ ಬಣ್ಣ ಬದಲಾಯಿತು. ದೋಣಿಯ ತಳಕ್ಕೆ ಬಡಿಯುವ ಸಪ್ಪಳವೂ ಬದಲಾಯಿತು. ಹೊಳೆಯ ನೀರು, ಕಡಲಿನ ನೀರು ಒಂದನ್ನೊಂದು ತಳ್ಳುವ ಜಾಗವದು. ಮುಂದೆ, ನೀರಿನಿಂದ ಒಂದು ಗೇಣು ಎತ್ತರಕ್ಕೆ, ನೆನೆದ ಗೋಣಿಯನ್ನು ಹಾಸಿದಂತೆ ಕಂದು ಬಣ್ಣದ ಪಟ್ಟೆಯೊಂದು ಕಾಣಿಸಿತು. ನೋಡುತ್ತಿದ್ದಂತೆ ಅದು ಉದ್ದವಾಯಿತು, ಅಗಲವಾಯಿತು. ಅದೇ ದಿಬ್ಬ.

ಇಳಿದು ನಿಂತಾಗ ಮೊದಲು ಅನುಭವಕ್ಕೆ ಬಂದದ್ದು ಉಸುಕಿನ ಗಟ್ಟಿತನ. ದಂಡೆಯ ಒಣ ಉಸುಕಿನಲ್ಲಿ ಕಾಲು ಹೂಳುತ್ತದೆ. ಇಲ್ಲಿ ಸಾರಿಸಿದ ನೆಲದ ಮೇಲೆ ನಡೆದಂತೆ. ಮೈಮೇಲೆಲ್ಲ ಅಲೆಗಳು ಬರೆದ ಗೆರೆಗಳು, ಉಳುಮೆಯ ಸಾಲುಗಳ ಹಾಗೆ ಒಂದೇ ಅಂತರದಲ್ಲಿ. ಗೆರೆಗಳ ನಡುವೆ ಅಂಗೈಯಗಲದ ಮಡುಗಳು; ಅವುಗಳಲ್ಲಿ ಬೆರಳುದ್ದದ ಮೀನಿನ ಮರಿಗಳು. ನಮ್ಮ ನೆರಳು ಬಿದ್ದೊಡನೆ ಏಡಿಗಳು ಓಡಿ ಬಿಲಗಳಲ್ಲಿ ಅಡಗಿದವು. ನೀರಿನಂಚಿನಲ್ಲಿ ಗುಬ್ಬಿಗಿಂತ ತುಸು ದೊಡ್ಡದಾದ ಬೂದು ಹಕ್ಕಿಗಳ ಹಿಂಡೊಂದು ಅಲೆ ಬಂದಾಗ ಹಿಂದಕ್ಕೆ, ಅಲೆ ಹೋದಾಗ ಮುಂದಕ್ಕೆ ಓಡುತ್ತ ಹುಳ ಹೆಕ್ಕುತ್ತಿತ್ತು. ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡಲಂಚಿಗೆ ಬರುವ ಗೊರವ ಜಾತಿಯ ಹಕ್ಕಿಗಳಿವು. ಅಷ್ಟು ದೂರದಿಂದ ಹಾರಿ ಬಂದವುಗಳಿಗೆ ಊಟದ ಮನೆಯೆಂದರೆ ದಿನಕ್ಕೆ ಕೆಲವು ತಾಸು ಮಾತ್ರ ತೆರೆದಿರುವ ಈ ದಿಬ್ಬ.

ದಿಬ್ಬದ ಒಂದು ತುದಿಯಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಮೊಣಕಾಲು ನೀರಿನಲ್ಲಿ ಬಗ್ಗಿ, ಉಸುಕನ್ನು ಕೈಯಿಂದ ಕೆದಕಿ ಚಿಪ್ಪು ಹೆಕ್ಕುತ್ತಿದ್ದರು. ಸೊಂಟಕ್ಕೆ ಕಟ್ಟಿದ ಚೀಲ ಅರ್ಧ ತುಂಬಿತ್ತು. ಅವರು ಯಾರೂ ತಲೆಯೆತ್ತಿ ನಮ್ಮನ್ನು ನೋಡುವ ಗೊಡವೆಗೆ ಹೋಗಲಿಲ್ಲ. ನೀರು ಏರುವ ಮೊದಲು ಕೆಲಸ ಮುಗಿಯಬೇಕು. ನಮ್ಮಲ್ಲಿ ವರತಿಯ ಸುತ್ತ ಕೊಡ ಹಿಡಿದು ಕೂತವರ ಮುಖದಲ್ಲಿ ಕಾಣುತ್ತಿದ್ದ ಏಕಾಗ್ರತೆಯೇ ಇಲ್ಲಿಯೂ ಇತ್ತು. ಒಬ್ಬರಿಗೆ ಉಸುಕು ನೀರು ಕೊಡುತ್ತದೆ, ಇನ್ನೊಬ್ಬರಿಗೆ ಅನ್ನ ಕೊಡುತ್ತದೆ.

ನಮ್ಮಲ್ಲೊಬ್ಬರು ಉತ್ಸಾಹದಿಂದ ಕಡಲಿನ ಕಡೆಯ ಅಂಚಿಗೆ ಹೊರಟಾಗ ಅಂಬಿಗರು ಕೂಗಿದರು: “ಅತ್ಲಾಗಿ ಹೋಗ್ಬೇಡಿ ಮಾರಾಯ್ರೆ, ಅಲ್ಲಿ ಅಡಿಯಲ್ಲಿ ಸೆಳೆತ ಉಂಟು.” ಮೇಲಿಂದ ನೋಡಿದರೆ ಅಲ್ಲಿಯ ನೀರು ಎಲ್ಲಕ್ಕಿಂತ ಶಾಂತವಾಗಿತ್ತು. ಅಲೆ ಒಡೆಯದ ಜಾಗವೇ ಆಳವಾದ ಕಾಲುವೆ, ಇಳಿಯುವ ನೀರೆಲ್ಲ ನುಗ್ಗಿ ಹೋಗುವ ದಾರಿ ಎಂಬುದನ್ನು ಅವರು ಆಮೇಲೆ ತಿಳಿಯಹೇಳಿದರು. ಈಜು ಬಲ್ಲವರನ್ನೂ ಅದು ಬಿಡುವುದಿಲ್ಲವಂತೆ. ಐದು ತಾಸು ಬಾರಿಸಿ ಸ್ವಲ್ಪ ಹೊತ್ತಿಗೆ ಎಳೆತ ನಿಂತಿತು. ಗಾಳಿಯೂ ನಿಂತಂತೆ ಭಾಸವಾಯಿತು. ಮತ್ತೆ ಕೆಲ ಹೊತ್ತಿಗೆ ದಿಬ್ಬದ ಮೇಲಿನ ಗೆರೆಗಳ ನಡುವೆ ನೀರು ಸದ್ದಿಲ್ಲದೆ ಹರಿದು ಬಂತು. “ನೀರು ತಿರುಗಿತು, ಹತ್ತಿ” ಎಂದರು ಅಂಬಿಗರು. ದೋಣಿ ಹೊಳೆಯ ದಡವನ್ನು ಮುಟ್ಟಿ ಹಿಂದಿರುಗಿ ನೋಡುವಾಗ ಹಕ್ಕಿಗಳು ಎದ್ದಿದ್ದವು. ದಿಬ್ಬ ಮತ್ತೆ ಪಟ್ಟೆಯಾಗಿತ್ತು.

ದಿಬ್ಬ ಹುಟ್ಟುವ ಬಗೆ

ಈ ನೆಲ ಹೇಗೆ ಹುಟ್ಟುತ್ತದೆ? ವೇಗವಾಗಿ ಓಡುವ ನೀರು ಉಸುಕನ್ನು ಹೊರುತ್ತದೆ. ವೇಗ ಕಳೆದುಕೊಂಡ ನೀರು ಅದನ್ನು ಇಳಿಸುತ್ತದೆ. ಹೊಳೆ ಕಡಲನ್ನು ಮುಟ್ಟಿದಾಗ ಎದುರಿನ ಅಲೆ ಅದನ್ನು ತಡೆಯುತ್ತದೆ. ಅಲ್ಲಿಯೇ ಹೊರೆ ಇಳಿಯುತ್ತದೆ. ಇದು ಒಂದು ಕೈ. ಇನ್ನೊಂದು ಕೈ ಕಡಲಿನದು. ಅಲೆಗಳು ದಂಡೆಗೆ ನೇರವಾಗಿ ಬಡಿಯದೆ ಓರೆಯಾಗಿ ಬಡಿಯುವಾಗ, ಉಸುಕು ದಂಡೆಗುಂಟ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ. ಹೀಗೆ ಸರಿದ ಉಸುಕು ಅಳಿವೆಯ ಬಾಯಿಗೆ ಬಂದು ನಾಲಗೆಯಾಗಿ ಬೆಳೆಯುತ್ತದೆ. ಬೆಂಗ್ರೆಗಳು ಹುಟ್ಟಿದ್ದು ಹೀಗೆಯೇ.

ಮಳೆಗಾಲದ ಕಡಲು ಬೇರೆ, ಬೇಸಿಗೆಯ ಕಡಲು ಬೇರೆ. ಜೂನದಿಂದ ಸಪ್ಟಂಬರದವರೆಗೆ ನೈಋತ್ಯದ ಎತ್ತರದ ಅಲೆಗಳು ದಂಡೆಯ ಉಸುಕನ್ನು ಕಿತ್ತು ಒಳಕ್ಕೆ ಒಯ್ಯುತ್ತವೆ. ಅದೇ ಹೊತ್ತಿಗೆ ಹೊಳೆಯ ಪ್ರವಾಹ ಅಳಿವೆಯನ್ನು ಕೊರೆದು ಆಳಮಾಡುತ್ತದೆ. ಚಳಿಗಾಲ ಬಂದೊಡನೆ ನಿಡಿದಾದ ಮೆಲುಅಲೆಗಳು ಒಯ್ದ ಉಸುಕನ್ನು ಮೆಲ್ಲನೆ ಹಿಂದಕ್ಕೆ ತರುತ್ತವೆ. ಹೋದ ವರ್ಷ ಇದ್ದ ಜಾಗದಲ್ಲಿಯೇ, ಅದೇ ಆಕಾರದಲ್ಲಿ ದಿಬ್ಬ ಈ ವರ್ಷ ಇರಬೇಕೆಂಬ ನಿಯಮವಿಲ್ಲ. ಅದಕ್ಕೇ ಅಳಿವೆಯ ಅಂಬಿಗನು ಪ್ರತಿ ದೀಪಾವಳಿಯ ನಂತರ ತನ್ನ ದಾರಿಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಕೋಡಿಬೆಂಗ್ರೆಯ ದಕ್ಷಿಣಕ್ಕೆ, ಮಲ್ಪೆಯ ಎದುರಿನ ಕಡಲಿನಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಕಂಬಗಳನ್ನು ಒಟ್ಟಿದಂತಿರುವ ಅಲ್ಲಿಯ ಬಂಡೆಗಳು ಮಡಗಾಸ್ಕರವು ಭಾರತದಿಂದ ಬೇರೆಯಾದ ಕಾಲದವು. ವಯಸ್ಸು ಎಂಟೂವರೆ ಕೋಟಿ ವರ್ಷಗಳಿಗೂ ಹೆಚ್ಚು. ಸರಕಾರ ಅದನ್ನು ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಪ್ರವಾಸಿಗಳೆಲ್ಲ ಅದನ್ನು ನೋಡಲು ಹೋಗುತ್ತಾರೆ. ಅದೇ ಕಡಲಿನ ಅದೇ ಮಗ್ಗುಲಲ್ಲಿ ಎರಡು ದ್ವೀಪಗಳು: ಒಂದಕ್ಕೆ ಕೋಟಿಗಟ್ಟಲೆ ವರ್ಷಗಳ ಆಯುಷ್ಯ, ಇನ್ನೊಂದಕ್ಕೆ ಒಂದು ಇಳಿತದ ಆಯುಷ್ಯ. ಆದರೆ ಹಕ್ಕಿಗೂ ಮೀನಿನ ಮರಿಗೂ ಚಿಪ್ಪು ಹೆಕ್ಕುವ ಕೈಗಳಿಗೂ ಅನ್ನವಿಕ್ಕುವುದು ಎರಡನೆಯದೇ.

ಉಪ್ಪಿನ ನಡುವೆ ಸಿಹಿನೀರು

ಬೆಂಗ್ರೆಯ ಮೇಲೆ ಬಾವಿ ತೋಡಿದರೆ ಸಿಹಿನೀರು ಸಿಕ್ಕುವುದು ನಮ್ಮಂಥವರಿಗೆ ಸೋಜಿಗವೆನಿಸುತ್ತದೆ. ಐವತ್ತು ಮಾರು ಆಚೆಗೆ ಕಡಲು, ಐವತ್ತು ಮಾರು ಈಚೆಗೆ ಉಪ್ಪುಹೊಳೆ. ನಡುವೆ ಎರಡಾಳು ಆಳದ ಬಾವಿಯಲ್ಲಿ ಕುಡಿಯುವ ನೀರು! ಇದರಲ್ಲಿ ಪವಾಡವೇನೂ ಇಲ್ಲ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಉಸುಕಿನ ಮೇಲೆ ಬಿದ್ದ ಮಳೆ ಕೆಳಗಿಳಿದು, ಒಳಗಿನ ಉಪ್ಪುನೀರಿನ ಮೇಲೆ ಎಣ್ಣೆಯಂತೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರೇ ಇರಬಲ್ಲದು. ಈ ಲೆಕ್ಕವನ್ನು 1888-89ರಲ್ಲಿ ಡಚ್ ಇಂಜಿನಿಯರ ಘೈಬನ್ ಎಂಬವನೂ, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್ ಎಂಬವನೂ ಬೇರೆಬೇರೆಯಾಗಿ ಕಂಡುಹಿಡಿದರು. ಆದರೆ ಲೆಕ್ಕಕ್ಕೆ ಇನ್ನೊಂದು ಮುಖವೂ ಉಂಟು. ಹೆಚ್ಚು ಸೇದಿ ಒಂದು ಅಡಿ ನೀರನ್ನು ಇಳಿಸಿದರೆ, ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರುತ್ತದೆ. ಮೇಲಿನ ಉಸುಕನ್ನೇ ತೆಗೆದುಬಿಟ್ಟರೆ ಮಳೆಯನ್ನು ಹಿಡಿದಿಡುವ ಪಾತ್ರೆಯೇ ಹೋದಂತೆ.

ನಮ್ಮ ಹಳ್ಳದ ವರತಿಯ ಗುಟ್ಟೂ ಇಂಥದೇ. ಉಸುಕಿನ ಕಣಗಳ ನಡುವೆ ಸುಮಾರು ಮೂರನೆಯ ಒಂದು ಪಾಲು ಖಾಲಿ ಜಾಗವಿರುತ್ತದೆ. ಹಳ್ಳ ಹರಿದಾಗ ಆ ಜಾಗವೆಲ್ಲ ನೀರಿನಿಂದ ತುಂಬುತ್ತದೆ. ಎರಡು-ಮೂರು ಅಡಿಗಿಂತ ಕೆಳಗಿನ ನೀರನ್ನು ಚೈತ್ರದ ಬಿಸಿಲೂ ಹೀರಲಾರದು. ತೆರೆದ ಕೆರೆ ಬತ್ತಿದರೂ ಉಸುಕಿನ ಹೊಟ್ಟೆಯಲ್ಲಿ ನೀರು ಉಳಿದು, ಅಕ್ಕಪಕ್ಕದ ಬಾವಿಗಳಿಗೆ ಜಿನುಗುತ್ತದೆ. ಬೆಂಗ್ರೆಯ ಬಾವಿ, ಬೋರ ನದಿಯ ವರತಿ ಎರಡೂ ಒಂದೇ ತಾಯಿಯ ಮಕ್ಕಳು.

ಯಾರ ನೆಲ?

ಮುಳುಗಿ ಏಳುವ ನೆಲ ಯಾರದು? ಈ ಪ್ರಶ್ನೆಗೆ ಎರಡು ರಾಷ್ಟ್ರಗಳು ನಾಲ್ಕು ದಶಕ ಹೊಡೆದಾಡಿದ ಉದಾಹರಣೆಯಿದೆ. 1970ರ ನವಂಬರದ ಭೀಕರ ಚಂಡಮಾರುತದ ತರುವಾಯ, ಬಂಗಾಳದಲ್ಲಿ ಹರಿಭಂಗಾ ನದಿಯ ಮುಖದ ಹೊರಗೆ ಉಸುಕು-ಕೆಸರಿನ ದಿಬ್ಬವೊಂದು ಮೇಲೆದ್ದಿತು. ಭಾರತ ಅದನ್ನು ನ್ಯೂಮೂರ್ ಅಥವಾ ಪೂರ್ಬಾಶಾ ಎಂದಿತು. ಬಾಂಗ್ಲಾದೇಶ ದಕ್ಷಿಣ ತಾಲ್‌ಪಟ್ಟಿ ಎಂದಿತು. ಮನೆಯಿಲ್ಲ, ಮಠವಿಲ್ಲ, ಆದರೂ ಧ್ವಜ ನೆಟ್ಟದ್ದಾಯಿತು, ಯುದ್ಧದ ಹಡಗು ಹೋದದ್ದಾಯಿತು. 2010ರಲ್ಲಿ ಕೋಲಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ಸಮುದ್ರವಿಜ್ಞಾನಿಗಳು ಆ ದ್ವೀಪ ಪೂರ್ತಿಯಾಗಿ ಮುಳುಗಿಹೋಗಿದೆಯೆಂದು ಪ್ರಕಟಿಸಿದರು. 2014ರಲ್ಲಿ ಅಂತಾರಾಷ್ಟ್ರೀಯ ಪಂಚಾಯ್ತಿ ನ್ಯಾಯಮಂಡಳಿ ಎರಡೂ ದೇಶಗಳ ಕಡಲಗಡಿಯನ್ನು ನಿರ್ಣಯಿಸುವ ವೇಳೆಗೆ ಜಗಳಕ್ಕೆ ಕಾರಣವಾದ ನೆಲವೇ ಇರಲಿಲ್ಲ. ಮನುಷ್ಯ ಎಳೆಯುವ ಗೆರೆಗಳ ವಿಷಯದಲ್ಲಿ ಕಡಲಿಗೆ ಅಷ್ಟೊಂದು ಗೌರವವಿದ್ದಂತೆ ಕಾಣುವುದಿಲ್ಲ.

ಕಡಲು ಒಯ್ದದ್ದನ್ನು ಕಡಲೇ ಕೊಟ್ಟೀತು. ಮನುಷ್ಯನು ಲಾರಿಯಲ್ಲಿ ಒಯ್ದ ಉಸುಕು ಮಾತ್ರ ಹಿಂದಿರುಗಿ ಬರುವುದಿಲ್ಲ. ನಿಜವಾದ ಅಪಾಯವಿರುವುದು ಇಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ 4,000ದಿಂದ 5,000 ಕೋಟಿ ಟನ್ನಿನಷ್ಟು ಉಸುಕು-ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲಿ ಅಂದಾಜು ಮಾಡಿತು. ಮರುಭೂಮಿಯ ಉಸುಕು ಗಾಳಿಯಲ್ಲಿ ಉರುಳಿ ಗುಂಡಗಾಗಿರುವುದರಿಂದ ಸಿಮೆಂಟಿನೊಡನೆ ಕಚ್ಚಿ ಹಿಡಿಯಲಾರದು. ಆದ್ದರಿಂದ ಎಲ್ಲರ ಕಣ್ಣೂ ಹೊಳೆಯ ಉಸುಕಿನ ಮೇಲೆಯೇ. ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸದಾದವು. ಅವುಗಳ ಪ್ರಕಾರ ಆ ವಲಯದಲ್ಲಿ ಮರಳು ಗಣಿಗಾರಿಕೆ ನಿಷಿದ್ಧ. ದೋಣಿಗಳ ದಾರಿಗೆ ಅಡ್ಡವಾದ ದಿಬ್ಬಗಳನ್ನು ಮಾತ್ರ ಸಾಂಪ್ರದಾಯಿಕ ಜನರು, ಜಿಲ್ಲಾಡಳಿತದ ಅಪ್ಪಣೆ ಪಡೆದು, ಕೈಯಿಂದ ತೆಗೆಯಬಹುದೆಂಬ ರಿಯಾಯತಿ ಬಂದಿತು. ಮೀನುಗಾರನ ಹಿತಕ್ಕಾಗಿ ಕೊಟ್ಟ ಬುಟ್ಟಿಯಷ್ಟು ರಿಯಾಯತಿ ಎಲ್ಲೆಲ್ಲಿ ಯಂತ್ರದಷ್ಟಾಯಿತೋ ಅಲ್ಲೆಲ್ಲ ಅದರ ಫಲವನ್ನು ಅನುಭವಿಸಬೇಕಾದವರು ದಡದ ಮನೆಯವರೇ. ದಿಬ್ಬ ಅಲೆಯ ಸಿಟ್ಟನ್ನು ತಾನು ತಿನ್ನುತ್ತದೆ. ದಿಬ್ಬ ಹೋದರೆ ಅದೇ ಅಲೆ ನೇರವಾಗಿ ಅಂಗಳಕ್ಕೆ ಬರುತ್ತದೆ. ಆಗ ಕಲ್ಲಿನ ತಡೆಗೋಡೆ ಕಟ್ಟಬೇಕಾಗುತ್ತದೆ. ಕಲ್ಲು ಇದ್ದಲ್ಲಿ ಮನೆ ಉಳಿದೀತು, ಆದರೆ ಉಸುಕಿನ ಓಡಾಟಕ್ಕೆ ತಡೆಯಾಗಿ, ಕೊರೆತ ಪಕ್ಕದವನ ದಂಡೆಗೆ ಸರಿಯುವುದುಂಟು.

ಇದು ಕರಾವಳಿಯವರ ಕಷ್ಟ, ನಮಗೇನು ಎಂದು ಕೇಳಬಹುದು. ಜತ್ತ ತಾಲೂಕಿನ ಬೋರ ನದಿಯ ನೀರು ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು; ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಲ ಉಪಸಾಗರವನ್ನು. ಅಲ್ಲಿಯೂ ಅಳಿವೆಯಿದೆ, ಉಸುಕಿನ ನಾಲಗೆಗಳಿವೆ, ಬೆಸ್ತರ ಗುಡಿಸಲುಗಳಿವೆ. ನಮ್ಮ ಹೊಲದ ಬದುವಿನಿಂದ ಕೊಚ್ಚಿಹೋದ ಮಣ್ಣುಕಣಗಳೂ ಆ ನೆಲವನ್ನು ಕಟ್ಟಿದ್ದುಂಟು. ಈಗ ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ ಜಲಾಶಯಗಳು ಆ ಹೂಳನ್ನು ನಡುದಾರಿಯಲ್ಲಿ ಹಿಡಿದಿಡುತ್ತವೆ. ಕೃಷ್ಣೆಯ ಮುಖದಲ್ಲಿ ದಂಡೆಯ ಕೊರೆತ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಅಣೆಕಟ್ಟುಗಳು ಬೇಡವೆಂದು ನೀರಿಗಾಗಿ ಹಂಬಲಿಸುವ ನಾವು ಹೇಳಲಾರೆವು. ಆದರೆ ಹಳ್ಳದ ಉಸುಕು ನಮ್ಮ ಕೈಯಲ್ಲಿದೆ. ಸಣ್ಣ ಖನಿಜಗಳ ಗಣಿಗೂ, ಅದು ಐದು ಹೆಕ್ಟೇರಿಗಿಂತ ಕಡಿಮೆಯಿದ್ದರೂ, ಪರಿಸರದ ಒಪ್ಪಿಗೆ ಬೇಕೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದೆ. ಆಜ್ಞೆ ದಿಲ್ಲಿಯಲ್ಲಿದೆ, ಹಳ್ಳ ನಮ್ಮೂರಿನಲ್ಲಿದೆ. ರಾತ್ರಿ ಹೊತ್ತು ಹಳ್ಳದಲ್ಲಿ ಗಾಡಿ ತುಂಬುವ ಸಪ್ಪಳ ಕೇಳಿಯೂ ಕೇಳದಂತೆ ಮಲಗುವವರು ನಾವೇ ಅಲ್ಲವೆ? ಉಸುಕು ಬರಿದಾದ ಹಳ್ಳದಲ್ಲಿ ಮಳೆನೀರು ಬಂದಷ್ಟೇ ವೇಗದಲ್ಲಿ ಓಡಿಹೋಗುತ್ತದೆ. ಪಕ್ಕದ ಬಾವಿ ಮಾರ್ಚಿನಲ್ಲಿ ಬತ್ತುವುದು ಸಂಕ್ರಾಂತಿಗೇ ಬತ್ತುತ್ತದೆ. ಉಸುಕು ಮಾರಿದ ಹಣ ಕೆಲವರಿಗೆ, ಟ್ಯಾಂಕರಿನ ಸಾಲು ಎಲ್ಲರಿಗೆ.

ಹೋಗುವವರಿಗೆ ನಾಲ್ಕು ಮಾತು

ಇಂಥ ದಿಬ್ಬವನ್ನು ನೋಡಲು ಹೋಗುವವರು ನವಂಬರದಿಂದ ಮಾರ್ಚಿನವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಅಳಿವೆಯ ಸಮೀಪಕ್ಕೂ ಸುಳಿಯಬಾರದು; ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧವಾಗಿರುತ್ತದೆ. ದಿನವನ್ನು ಗೊತ್ತುಮಾಡುವ ಮೊದಲು ತಿಥಿಯನ್ನು ನೋಡಬೇಕು. ಇಳಿತದ ಹೊತ್ತನ್ನು ಊರಿನ ಅಂಬಿಗರಲ್ಲಿ ವಿಚಾರಿಸಬೇಕು. ಇಳಿತ ಮುಗಿಯುವುದಕ್ಕೆ ಒಂದು ತಾಸು ಮೊದಲು ಹೊರಟು, ನೀರು ತಿರುಗಿದೊಡನೆ ದೋಣಿಯನ್ನೇರುವುದು ಕ್ಷೇಮ. ತೇಲುವ ಅಂಗಿ ಇಲ್ಲದ ದೋಣಿಯಲ್ಲಿ ಮಕ್ಕಳನ್ನು ಕೂಡಿಸಬಾರದು. ಅಂಬಿಗನು ಬೇಡವೆಂದ ಕಡೆಗೆ ಹೋಗಬಾರದು. ನೀರು ಎಷ್ಟು ಶಾಂತವಾಗಿ ಕಂಡರೂ ಸರಿಯೇ. ಹಕ್ಕಿಯ ಹಿಂಡನ್ನು ಎಬ್ಬಿಸಿ ಚಿತ್ರ ತೆಗೆಯುವ ಚಪಲವನ್ನು ಬಿಡಬೇಕು. ಅವುಗಳ ಊಟದ ಹೊತ್ತು ನಮಗಿಂತ ಕಡಿಮೆ. ಒಯ್ದ ತಿಂಡಿಯ ಚೀಲ, ಪ್ಲಾಸ್ಟಿಕ್ಕಿನ ಬಾಟಲಿ ಹಿಂದಕ್ಕೆ ಬರಬೇಕು. ಅಲ್ಲಿ ಬಿಟ್ಟದ್ದು ಮುಂದಿನ ಭರತಕ್ಕೆ ಕಡಲಿನ ಪಾಲು.

ತಂಗಲು ಉಡುಪಿಯಲ್ಲಿ ಅನುಕೂಲವಿದೆ. ಕೋಡಿಬೆಂಗ್ರೆಗೆ ಹೋಗಿಬರಲು ಒಂದು ದಿನ ಸಾಕು. ಆದರೆ ಗಡಿಬಿಡಿಯಿಂದ ಹೋಗುವವರಿಗೆ ಆ ನೆಲ ತನ್ನನ್ನು ತೋರಿಸುವುದಿಲ್ಲ. ಅದು ನಮ್ಮ ಗಡಿಯಾರದ ಪ್ರಕಾರ ತೆರೆಯುವ ತೋಟವಲ್ಲ. ಚಂದ್ರನು ಅಪ್ಪಣೆ ಕೊಟ್ಟಾಗ ತೆರೆದು, ಅಪ್ಪಣೆ ಹಿಂತೆಗೆದುಕೊಂಡಾಗ ಮುಚ್ಚುವ ಬಾಗಿಲು. ಸಾತಬಾರಾ ಉತಾರೆಯಲ್ಲಿ ಅದಕ್ಕೆ ಹೆಸರಿಲ್ಲ, ನಕ್ಷೆಯಲ್ಲಿ ಅದಕ್ಕೆ ಗೆರೆಯಿಲ್ಲ. ಆದರೂ ಅದರ ಮೇಲೆ ನಡೆದವನಿಗೆ ತನ್ನೂರಿನ ಹಳ್ಳದ ಉಸುಕಿನ ಬೆಲೆ ತಿಳಿಯುತ್ತದೆ. ಮಕ್ಕಳಿಗೆ ರಜೆ ಬಂದಾಗ ಅವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಮರಳಿ ಬಂದ ಮೇಲೆ ನಮ್ಮ ಹಳ್ಳದಲ್ಲಿ ಇನ್ನೂ ಉಸುಕು ಉಳಿದಿರುವ ಒಂದು ಜಾಗವನ್ನು ಹುಡುಕಿ, ಅವರ ಕೈಯಿಂದಲೇ ಒಂದು ವರತಿ ತೋಡಿಸಿರಿ. ಮೊಣಕೈ ಆಳಕ್ಕೆ ಉಸುಕು ತಂಪಾಗುತ್ತದೆ. ಇನ್ನೂ ತುಸು ಕೆಳಗೆ ನೀರು ಜಿನುಗುತ್ತದೆ. ಅದು ಜಿನುಗುವಷ್ಟು ಕಾಲ ನಮ್ಮೂರಿಗೂ ಆಯುಷ್ಯವುಂಟು.